ಕೆಂಪು ದಾರದ ಚಾಕು, ಬಿಳಿ ದಾರದ ಚಾಕು

ಚಾಕು ಮಸೆಯುವ ಕಿಟ್‌ಗಳಲ್ಲಿ ಯಾವುದು ಚಲೋ, ಸೋವಿಯದೋ ಹೆಸರಾಂತ ಕಂಪನಿಯದೋ ಎಂದು ನನ್ನನ್ನು ಕೇಳುವವರು ಈಗಲೂ ಇದ್ದಾರೆ. ಹುಕ್ಕೇರಿಯ ನಮ್ಮ ಓಣಿಯಲ್ಲೇ ಮೂವರು ಕೇಳಿದ್ದಾರೆ. ಒಬ್ಬ ಗುಮಾಸ್ತೆ ಹೆಂಗಸಿಗೆ ಈ ವಿಷಯದಲ್ಲಿ ಇಷ್ಟು ಕೀರ್ತಿ ಬರಲು ಕಾರಣ ನಮ್ಮ ನರ್ಸರಿಯ ಕಾಕಾ. ಅವರು ತೀರಿಕೊಂಡು ಎರಡು ತಿಂಗಳಾಯಿತು. ಕೇಳಿದವರಿಗೆ ನಾನು ಅವರ ಮಾತನ್ನೇ ಹೇಳುತ್ತೇನೆ: "ಸೋವಿದು ಕೆಲಸ ಕಲಿಸತೈತಿ, ತುಟ್ಟೀದು ಕೆಲಸ ಮಾಡತೈತಿ. ನಿಮಗ ಯಾವುದು ಬೇಕಾಗೇತಿ?" ಇದನ್ನು ಕೇಳಿದ ಮೇಲೆ ಇದುವರೆಗೆ ಯಾರೂ ಯಾವ ಕಿಟ್ಟನ್ನೂ ಕೊಂಡಿಲ್ಲ.

ಕಾಕಾ ಧುಪದಾಳದ ಹತ್ತಿರ ಕಾಲುವೆ ದಂಡೆಗಿರುವ ಸರ್ಕಾರಿ ನರ್ಸರಿಯಲ್ಲಿ ಮಾಲಿಯಾಗಿದ್ದರು. ಮಾವು, ಚಿಕ್ಕು, ಪೇರಲ ಗಿಡಗಳಿಗೆ ಕಸಿ ಕಟ್ಟುವುದು ಅವರ ಕೆಲಸ. ಕಟ್ಟಿದ್ದನ್ನು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಅವರು ಮೂಡಲಗಿ ಕಡೆಯ ಹಳ್ಳಿಯಿಂದ ಬರುತ್ತಿದ್ದರು, ನಾನು ಹುಕ್ಕೇರಿಯಿಂದ. ಬಸ್ಸಿನ ದಿಕ್ಕು ಬೇರೆ ಬೇರೆಯಾದರೂ ತಡವಾದ ದಿನ ಇಬ್ಬರೂ ಹೇಳುತ್ತಿದ್ದ ನೆಪ ಒಂದೇ ಆಗಿರುತ್ತಿತ್ತು.

ಕಸಿ ಕಟ್ಟುವುದನ್ನು ನೋಡದವರಿಗಾಗಿ ಎರಡು ಮಾತು. ಗೊರಟದಿಂದ ಎದ್ದ ನಾಟಿ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ಒಂದಿಷ್ಟು ಸೀಳುತ್ತಾರೆ. ಬೇಕಾದ ಗಿಡದ ಕಡ್ಡಿಯೊಂದನ್ನು ತಂದು ಅದರ ಬುಡವನ್ನು ಬೆಣೆಯ ಹಾಗೆ ಎರಡೂ ಕಡೆ ಹೆರೆದು ಆ ಸೀಳಿನಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತಾರೆ. ಗಾಯಕ್ಕೆ ಗಾಯ ಸರಿಯಾಗಿ ಕೂತರೆ ಮೂರು ವಾರದಲ್ಲಿ ಕಡ್ಡಿ ಚಿಗುರುತ್ತದೆ. ಅದಕ್ಕೆ ನಮ್ಮಲ್ಲಿ ಕಸಿ ಹತ್ತಿತು ಎನ್ನುತ್ತಾರೆ. ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಕಡ್ಡಿ ಒಣಗಿಹೋಗುತ್ತದೆ. ಇಷ್ಟೇ ವಿದ್ಯೆ. ಇದನ್ನು ಓದಿದವರು ತಮಗೂ ಬಂತು ಎಂದುಕೊಳ್ಳಬಾರದು, ನಾನು ಹಾಗೆ ಅಂದುಕೊಂಡೇ ಕೆಟ್ಟೆ.

ಕಾಕಾನ ಎಡ ಮುಂಗೈ ಮೇಲೆ ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ದಿನಾ ಬೆಳಿಗ್ಗೆ ಚಾಕು ಮಸೆದು ಅಲ್ಲಿ ಒಂದು ಸಲ ಎಳೆದು ನೋಡುತ್ತಿದ್ದರು. ಬಂಧುಗಳ ಮದುವೆಗೆ ಹೋಗುವಾಗ ತುಂಬು ತೋಳಿನ ಅಂಗಿ ಹಾಕುತ್ತಿದ್ದರಂತೆ, ಏನೋ ಚರ್ಮರೋಗವಿದೆ ಎಂದು ಒಮ್ಮೆ ಬೀಗರು ಅಂದುಕೊಂಡಿದ್ದರಿಂದ. ಎರಡನೆಯ ಪರೀಕ್ಷೆಗೆ ಉಳ್ಳಾಗಡ್ಡಿ ತಪ್ಪಲು, ಅಂದರೆ ಈರುಳ್ಳಿಯ ಹಸಿರೆಲೆ, ಬೇಕು. ತಪ್ಪಲನ್ನು ಗಾಳಿಯಲ್ಲಿ ಹಿಡಿದು ಕೊಯ್ಯುವುದು, ಸದ್ದು ಬಂದರೆ ಚಾಕು ಮೊಂಡು. "ಧಾರಿ ಇದ್ದ ಚಾಕು ಮಾತಾಡಂಗಿಲ್ಲ" ಎನ್ನುತ್ತಿದ್ದರು. ನಮ್ಮ ಸಾಹೇಬರು ಹೊಸದಾಗಿ ಬಂದಾಗ ಒಂದು ಗಂಟೆ ಭಾಷಣ ಮಾಡಿದರು. ಕಾಕಾ ಅಷ್ಟೂ ಹೊತ್ತು ಕೈಯಲ್ಲಿದ್ದ ಚಾಕುವನ್ನೇ ನೋಡುತ್ತ ಕೂತಿದ್ದರು.

ರೈತರು ಬಂದು, "ಈ ಗಿಡ ಎಷ್ಟ್ ವರ್ಷಕ್ಕ ಹಣ್ಣ ಕೊಡತೈತ್ರಿ?" ಎಂದು ಕೇಳಿದರೆ, "ನೀವು ನೀರ ಕೊಟ್ಟ ವರ್ಷಕ್ಕ" ಎಂದು ಉತ್ತರಿಸುತ್ತಿದ್ದರು. ಇದರಿಂದ ನರ್ಸರಿಯ ಮಾರಾಟ ಹೆಚ್ಚಿತೆಂದು ಹೇಳಲಾರೆ.

ಅವರ ಚಾಕು ನೋಡಲು ಏನೂ ಚಂದ ಇರಲಿಲ್ಲ. ಮೂಡಲಗಿಯ ಕಮ್ಮಾರನೊಬ್ಬ ಹಳೆಯ ಗರಗಸದ ಪಟ್ಟಿಯಿಂದ ಮಾಡಿಕೊಟ್ಟಿದ್ದು, ಗೇಣಿಗಿಂತ ಸಣ್ಣದು. ಅದರ ಒಂದು ಮಗ್ಗುಲು ಪೂರಾ ಸಪಾಟು, ಇನ್ನೊಂದು ಮಗ್ಗುಲಿಗೆ ಮಾತ್ರ ಇಳುಕಲು. ಅಡುಗೆಮನೆಯ ಚಾಕುವಿಗೆ ಎರಡೂ ಕಡೆ ಇಳುಕಲು ಇರುತ್ತದೆ. ಕಸಿ ಚಾಕುವಿನ ಸಪಾಟು ಮಗ್ಗುಲು ಕಡ್ಡಿಗೆ ಅಂಟಿಕೊಂಡು ಹೋಗಬೇಕು, ಆಗಲೇ ಹೆರೆದದ್ದು ನೆಟ್ಟಗೆ ಬರುತ್ತದೆ. ಈ ವಿವರ ನನಗೆ ತಡವಾಗಿ ತಿಳಿಯಿತು.

ಕಾಕಾನ ಕೈ ನಡುಗುತ್ತಿದೆ ಎಂದು ನನಗೆ ಗೊತ್ತಾದದ್ದು ಚಹಾದಿಂದ. ಯಾವಾಗಲೂ ಬಸಿಯಲ್ಲಿ ಸುರಿದು ಕುಡಿಯುವವರು ಒಂದು ದಿನ ಸ್ಟೀಲಿನ ಲೋಟದಲ್ಲಿ ಅರ್ಧ ಚಹಾ ಕೇಳಿದರು. ಆಮೇಲೆ ನಿಂತು ಮಾತಾಡುವಾಗಲೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಳ್ಳತೊಡಗಿದರು. ಗೋಕಾಕದ ಡಾಕ್ಟರು ಗುಳಿಗೆ ಕೊಟ್ಟಿದ್ದರು. "ಏನಂದ್ರು?" ಎಂದು ಕೇಳಿದೆ. "ಇದು ಹೋಗೂದಲ್ಲ, ಇರೂದು ಅಂದ್ರು" ಎಂದರು. ಬಾಡಿಗೆದಾರನೊಬ್ಬನ ವಿಷಯ ಹೇಳಿದಷ್ಟೇ ಸಲೀಸಾಗಿ.

ಕೈ ನಡುಗಿದ್ದಕ್ಕೆ ಅವರಿಗೆ ದುಃಖವಾಗಿತ್ತೋ ಇಲ್ಲವೋ, ಮಮದಾಪುರದ ಮಾವಿನ ಗಿಡದ ಚಿಂತೆ ಮಾತ್ರ ಇತ್ತು. ಅದು ಒಬ್ಬ ಮುದುಕಿಯ ಹೊಲದ ಬದುವಿನಲ್ಲಿದ್ದ ಹುಳಿ ಮಾವು. ಕಾಕಾಗಿಂತ ಹಿರಿಯಳಾದ ಆಕೆಯನ್ನು ಅವರು ಅಕ್ಕಾರ ಎನ್ನುತ್ತಿದ್ದರು. ಆ ಕಾಯಿ ಉಪ್ಪಿನಕಾಯಿ ಹಾಕಿದರೆ ವರ್ಷ ಕಳೆದರೂ ಹಲ್ಲಿಗೆ ಕಟುಂ ಎನ್ನುತ್ತಿತ್ತು. ಅಂಥ ಗಿಡ ಸುತ್ತ ಎಲ್ಲೂ ಇರಲಿಲ್ಲ. ಕಾಕಾ ಅದರ ಕಡ್ಡಿ ತಂದು ಕಟ್ಟುತ್ತೇನೆಂದು ವರ್ಷಗಟ್ಟಲೆ ಹೇಳಿ, ಕೊನೆಗೆ ಎರಡು ವರ್ಷದ ಹಿಂದೆ ಕಟ್ಟಿದರು. ಒಂದೂ ಹತ್ತಲಿಲ್ಲ. ಅವರ ಜನ್ಮದಲ್ಲಿ ಹಾಗೆ ಆಗಿರಲಿಲ್ಲ. ಕಡ್ಡಿಗಳು ಎಳೆಯವಿದ್ದವು ಎಂದು ಆಕೆಗೆ ಹೇಳಿ ಬಂದರು. ನಮಗೆ ಹೇಳಿದ್ದು ಬೇರೆ: ಕೈ ನಡುಗಿ ಕಲ್ಲಿನ ಮೇಲೆ ಚಾಕು ಸರಿಯಾಗಿ ಕೂರುತ್ತಿಲ್ಲ, ಧಾರೆ ಬರುತ್ತಿಲ್ಲ, ಮೊಂಡು ಚಾಕುವಿಗೆ ಕಸಿ ಹತ್ತುವುದಿಲ್ಲ. ಇದು ನಮಗೆಲ್ಲ ಸರಿಯೆನಿಸಿತು.

ಈ ಮೇ ತಿಂಗಳ ಗುಡುಗಿನ ಮಳೆಯಲ್ಲಿ ಆ ಗಿಡಕ್ಕೆ ಸಿಡಿಲು ಬಡಿಯಿತು. ಮುಕ್ಕಾಲು ಭಾಗ ಸತ್ತು ಒಂದೇ ಟೊಂಗೆ ಹಸಿರು ಉಳಿಯಿತು. ಅದೂ ಮಳೆಗಾಲ ದಾಟುವಂತಿರಲಿಲ್ಲ. ಕಾಕಾ ಆಗಸ್ಟ್ ಕೊನೆಗೆ ನಿವೃತ್ತರಾಗುವವರು. ಆ ಟೊಂಗೆಯಲ್ಲಿ ಎಣಿಸಿ ಹನ್ನೆರಡು ಕಡ್ಡಿ ಸಿಗಬಹುದಿತ್ತು. ಅವು ಹತ್ತಿದರೆ ಗಿಡ ಉಳಿಯಿತು, ಇಲ್ಲವಾದರೆ ಮುಂದಿನ ವರ್ಷ ಎಂಬುದು ಗಿಡಕ್ಕೂ ಇಲ್ಲ, ಕಾಕಾಗೂ ಇಲ್ಲ.

ಇಂಥ ಹೊತ್ತಿನಲ್ಲಿ ಅವರು ಒಂದು ಮಧ್ಯಾಹ್ನ ರಜೆ ಚೀಟಿ ಕೊಡಲು ನನ್ನ ಮೇಜಿನ ಬಳಿ ಬಂದರು. ನಾನು ರೊಟ್ಟಿ ತಿನ್ನುತ್ತ ಮೊಬೈಲಿನಲ್ಲಿ ಏನೋ ನೋಡುತ್ತಿದ್ದೆ. ಒಬ್ಬ ವಿದೇಶಿ ಮನುಷ್ಯ ಚಾಕು ಮಸೆಯುತ್ತಿದ್ದ. ಒಂದು ಪೀಠ, ಅದರ ಮೇಲೆ ಚಾಕುವನ್ನು ಕಚ್ಚಿ ಹಿಡಿಯುವ ಚಿಮುಟ, ಓರೆಯಾಗಿ ಇಳಿಯುವ ಸರಳು, ಸರಳಿಗೆ ಕಟ್ಟಿದ ಸಾಣೆಕಲ್ಲು. ಸರಳು ಕಲ್ಲನ್ನು ಒಂದೇ ಕೋನದಲ್ಲಿ ಹಿಡಿದಿರುತ್ತದೆ, ಮನುಷ್ಯ ಹಿಂದೆ ಮುಂದೆ ಎಳೆದರೆ ಸಾಕು. ಕಾಕಾ ಬಗ್ಗಿ ನೋಡಿದರು. ಮತ್ತೊಮ್ಮೆ ಹಾಕಿಸಿ ನೋಡಿದರು.

"ಅವನ ಕೈ ನೋಡ್ರಿ ಬಾಯಾರ," ಎಂದರು, ನನ್ನನ್ನು ಅವರು ಕರೆಯುತ್ತಿದ್ದದ್ದು ಹಾಗೆ. "ಕೈಗೆ ಕೆಲಸಾನ ಇಲ್ಲ."

ಅವತ್ತೇ ಮೊಬೈಲಿನಲ್ಲಿ ಅಂಥದೊಂದಕ್ಕೆ ಆರ್ಡರ್ ಹಾಕಿದೆ. ಅಗ್ಗದಲ್ಲಿ ಅಗ್ಗದ್ದು. ಪಾರ್ಸಲ್ ಗೋಕಾಕಕ್ಕೆ ಬಂದು, ಅಲ್ಲಿಂದ ಮೂಡಲಗಿಗೆ ಹೋಗಿ, ಮತ್ತೆ ಗೋಕಾಕಕ್ಕೆ ಬಂದು, ಒಂಬತ್ತನೆಯ ದಿನ ನರ್ಸರಿಗೆ ತಲುಪಿತು. ಕಾಕಾ ಆ ದಿನ ರಜೆಯ ಮೇಲಿದ್ದರು. ಅವರು ಬರುವಷ್ಟರಲ್ಲಿ, ನರ್ಸರಿಯಲ್ಲೇ ಇಟ್ಟುಹೋಗಿದ್ದ ಅವರ ಚಾಕು ಮಸೆದಿಟ್ಟು ಖುಷಿಪಡಿಸೋಣ ಎಂದು ನನಗೆ ಬುದ್ಧಿ ಬಂತು. ಜೊತೆಗೆ ಬಂದ ಕಾಗದದಲ್ಲಿ ಚಿತ್ರಗಳಿದ್ದವು. ಮೊದಲು ಒಂದು ಮಗ್ಗುಲು, ಆಮೇಲೆ ಬಾಣದ ಗುರುತು, ಚಾಕು ತಿರುಗಿಸಿ ಇನ್ನೊಂದು ಮಗ್ಗುಲು. ನಾನು ಚಿತ್ರದಲ್ಲಿದ್ದ ಹಾಗೆಯೇ ಎರಡು ತಾಸು ಮಸೆದೆ. ಕೆಲಸ ತಪ್ಪಿಸಿ ಮಸೆದೆ ಎಂದು ಸೇರಿಸಬೇಕು.

ಮರುದಿನ ಕಾಕಾ ಚಾಕು ಎತ್ತಿ ಬೆಳಕಿಗೆ ಹಿಡಿದರು.

"ಯಾರು ಮಾಡಿದ್ದು ಇದನ್ನ?"

"ನಾನ, ಕಾಕಾ."

"ಎರಡೂ ಮಗ್ಗಲ?"

"ಹೂಂ. ಚಿತ್ರದಾಗ ಹಂಗ ಐತಿ."

"ಚಿತ್ರದಾಗಿನ ಚಾಕು ಅಡಗಿಮನ್ಯಾಂದು ಐತ್ರಿ." ಮತ್ತೊಮ್ಮೆ ತಿರುಗಿಸಿ ನೋಡಿದರು. "ಇರಲಿ. ಇದು ಈಗ ಬದನಿಕಾಯಿ ಹೆಚ್ಚಾಕ ಬೇಷ್ ಆಗೇತಿ."

ಇಪ್ಪತ್ತು ವರ್ಷದ ಚಾಕುವಿನ ಸಪಾಟು ಮಗ್ಗುಲನ್ನು ನಾನು ಒಂದು ಮಧ್ಯಾಹ್ನದಲ್ಲಿ ಹಾಳು ಮಾಡಿದ್ದೆ. ಬೈದಿದ್ದರೆ ಮಾತಿಗೆ ಮಾತು ಕೊಟ್ಟಾದರೂ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಮೂಡಲಗಿಯ ಕಮ್ಮಾರನ ಹತ್ತಿರ ಹೋಗಿ ಒಂದೇ ಗರಗಸದ ಪಟ್ಟಿಯಿಂದ ಎರಡು ಹೊಸ ಚಾಕು ಮಾಡಿಸಿಕೊಂಡು ಬಂದರು. ಎರಡು ಏಕೆ ಎಂದರೆ, ಅಷ್ಟರಲ್ಲಿ ಸಾಹೇಬರು ನಡುವೆ ಬಂದಿದ್ದರು.

ಸಾಹೇಬರು ಮೈಸೂರು ಕಡೆಯವರು, ಅಡುಗೆಯ ಹುಚ್ಚಿನವರು. ನನ್ನ ಸೋವಿ ಕಿಟ್ ನೋಡಿ ಅವರಿಗೆ ಮರುಕ ಬಂತು. ಮರುದಿನ ತಮ್ಮದನ್ನು ಕಾರಿನಲ್ಲಿ ತಂದರು. ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡದು, ಒಳಗೆ ಸ್ಪಂಜಿನ ಹಾಸಿಗೆ, ಪ್ರತಿ ಕಲ್ಲಿಗೂ ಅದರದೇ ಗುಂಡಿ. ಕೋನವನ್ನು ಅಂಕಿಯಲ್ಲಿ ತೋರಿಸುವ ಒಂದು ಸಣ್ಣ ಯಂತ್ರವೂ ಇತ್ತು. ಅದು ಬಹಳ ತುಟ್ಟಿಯದು ಎಂದು ಅವರೇ ಮೂರು ಸಲ ಹೇಳಿದ್ದರಿಂದ ಯಾರೂ ಬೆಲೆ ಕೇಳಲಿಲ್ಲ.

"ಕಾಕಾ, ಇದರಲ್ಲಿ ಒಮ್ಮೆ ಲಾಕ್ ಮಾಡಿದ್ರೆ ಅರ್ಧ ಡಿಗ್ರಿನೂ ಆಚೀಚೆ ಆಗಲ್ಲ. ಆ ಚೀಪ್ ಸೆಟ್‌ಗೂ ಇದಕ್ಕೂ ಹೋಲಿಕೆನೇ ಇಲ್ಲ."

"ಹೋಲಿಸಿ ನೋಡೀರೇನ್ರಿ?" ಎಂದರು ಕಾಕಾ.

ಸಾಹೇಬರು ನೋಡಿರಲಿಲ್ಲ. ಹೀಗೆ ಪರೀಕ್ಷೆ ಶುರುವಾಯಿತು.

ಎರಡೂ ಕಿಟ್ಟುಗಳು ಮೊದಲ ದಿನವೇ ಸೋತವು. ಸೋವಿಯದರ ಬುಡಕ್ಕೆ ರಬ್ಬರಿನ ಹೀರುಬಟ್ಟಲು ಇತ್ತು, ಮೇಜಿಗೆ ಅಂಟಿ ನಿಲ್ಲಲೆಂದು. ಅದು ಸರ್ಕಾರಿ ಮೇಜಿಗೆ ಅಂಟಲಿಲ್ಲ, ಕಾಕಾ ಅದನ್ನು ಹಲಗೆಗೆ ಮೊಳೆ ಹೊಡೆದು ಕೂರಿಸಿದರು. ಕಲ್ಲು ಎಳೆದರೆ ಸರಳು ಗಡಗಡ ಅಲ್ಲಾಡುತ್ತಿತ್ತು. "ಇದಕ್ಕೂ ನನ್ನ ರೋಗಾನ ಐತ್ರಿ" ಎಂದು ಸಂದಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರು. ಅದರ ಮೂರು ಕಲ್ಲಿನ ಮೇಲೆ ಮೂರು ಬೇರೆ ಸಂಖ್ಯೆ ಬರೆದಿತ್ತು, ಬೆರಳಿಗೆ ಮೂರೂ ಒಂದೇ. ಸಾಹೇಬರದು ಕಲ್ಲಿನಂತೆ ಕೂತಿತು, ಆದರೆ ಅದರ ಚಿಮುಟ ದೊಡ್ಡ ಚಾಕುಗಳಿಗೆ ಮಾಡಿದ್ದು. ನಮ್ಮ ಸಣ್ಣ ಚಾಕು ಅದರ ಬಾಯಲ್ಲೇ ಮುಳುಗಿ, ಕಲ್ಲು ಬಂದು ಚಿಮುಟಕ್ಕೇ ಉಜ್ಜುತ್ತಿತ್ತು.

"ಇಂಥದಕ್ಕೆ ಕಂಪನಿಯವರೇ ಬೇರೆ ಒಂದು ಪಾರ್ಟ್ ಮಾಡ್ತಾರೆ ಕಾಕಾ, ತರಿಸಬೇಕು."

"ಹುಣಸಿ ಗಿಡ ಹಿತ್ತಲದಾಗನ ಐತ್ರಿ ಸಾಹೇಬ್ರ," ಎಂದು ಕಾಕಾ ಹುಣಸೆ ಕಟ್ಟಿಗೆಯ ಒಂದು ಹಿಡಿಕೆ ಕೆತ್ತಿ ಚಾಕುವನ್ನು ಅದರಲ್ಲಿ ಕಚ್ಚಿಸಿ ಚಿಮುಟಕ್ಕೆ ಕೊಟ್ಟರು.

ಸೋವಿ ಕಿಟ್ಟಿನಲ್ಲಿ ಮಸೆದ ಚಾಕುವಿಗೆ ಕೆಂಪು ದಾರ, ತುಟ್ಟಿಯದರಲ್ಲಿ ಮಸೆದದ್ದಕ್ಕೆ ಬಿಳಿ ದಾರ. ಒಂದೇ ದಿನ, ನರ್ಸರಿಯ ಒಂದೇ ಮಾವಿನ ಗಿಡದ ಕಡ್ಡಿ, ಒಂದೇ ಸಾಲಿನ ಸಸಿ, ಕೆಂಪಿನಲ್ಲಿ ಒಂದು ಹೆರೆದರೆ ಬಿಳಿಯಲ್ಲಿ ಒಂದು. ಒಟ್ಟು ಇಪ್ಪತ್ತೈದು, ಇಪ್ಪತ್ತೈದು. ಹೆರೆಯುವುದು ಕಾಕಾ. ಪಟ್ಟಿ ಸುತ್ತುವ ಇಬ್ಬರು ಹೆಣ್ಣುಮಕ್ಕಳಿಗೆ ಯಾವುದು ಯಾವ ಚಾಕುವಿನದೆಂದು ತಿಳಿಯಬಾರದು. ಪಟ್ಟಿ ಸುತ್ತಿ ಆದ ಮೇಲೆ ಸಸಿಗಳಿಗೆ ಕೆಂಪು, ಬಿಳಿ ಚೀಟಿ ಕಟ್ಟುವುದು ನಾನು. ಸಾಹೇಬರು ಬೆರಗಾದರು.

"ಇದನ್ನ ನಾವು ಎಂಎಸ್‌ಸಿಯಲ್ಲಿ ಕಲಿತಿದ್ದು ಕಾಕಾ. ನೀವೆಲ್ಲಿ ಕಲಿತ್ರಿ?"

"ಮನ್ಯಾಗ ಮೂರು ಮಂದಿ ಸೊಸೆಂದ್ರು ಅದಾರ್ರಿ" ಎಂದರು ಕಾಕಾ.

ಮೂರು ವಾರ ಕಾದೆವು. ಸಾಹೇಬರು ದಿನಾ ಬೆಳಿಗ್ಗೆ ನೆರಳು ಬಲೆಯ ಕೆಳಗೆ ಬಿಳಿ ಚೀಟಿಯ ಸಸಿಗಳನ್ನು ನೋಡಲು ಹೋಗುತ್ತಿದ್ದರು, ನಾನು ಕೆಂಪಿನ ಪಕ್ಷ. ಸೋವಿಯದು ಗೆದ್ದರೆ ಸಾಹೇಬರ ಮುಖ ಹೇಗಾಗುತ್ತದೆಂದು ನೋಡುವ ಆಸೆ ನನಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಕಾಕಾ ಭಾನುವಾರಗಳಲ್ಲಿ ಮಮದಾಪುರಕ್ಕೆ ಹೋಗಿ ಆ ಒಂದು ಟೊಂಗೆಯನ್ನು ನೋಡಿ ಬರುತ್ತಿದ್ದರು.

ಎಣಿಸಿದ ದಿನ ಕೆಂಪು ಒಂಬತ್ತು, ಬಿಳಿ ಹತ್ತು.

"ಸೇಮ್ ಬಂತಲ್ಲ!" ಎಂದರು ಸಾಹೇಬರು. ದನಿಯಲ್ಲಿ ದುಃಖವಿತ್ತು. ನಾನು ಗೆದ್ದವಳ ಹಾಗೆ ನಕ್ಕೆ. ಆಮೇಲೆ ಕಾಕಾನ ಮುಖ ನೋಡಿ ಬಾಯಿ ಮುಚ್ಚಿದೆ. ಮೊದಲೆಲ್ಲ ಅವರು ಇಪ್ಪತ್ತೈದು ಕಟ್ಟಿದರೆ ಒಂದೋ ಎರಡೋ ಹೋಗುತ್ತಿದ್ದವು.

ಅವರು ಸತ್ತ ಕಸಿಯೊಂದರ ಪಟ್ಟಿ ಬಿಚ್ಚಿದರು. ಸಾಹೇಬರ ಭೂತಗನ್ನಡಿ ಕೇಳಿ ಪಡೆದು ಬಹಳ ಹೊತ್ತು ನೋಡಿದರು. ಇನ್ನೊಂದು ಬಿಚ್ಚಿದರು. ಹೀಗೆ ಏಳೆಂಟು. ಆಮೇಲೆ ಭೂತಗನ್ನಡಿಯನ್ನು ನನಗೆ ಕೊಟ್ಟರು.

"ನೋಡ್ರಿ. ಹೆರದದ್ದು ಕನ್ನಡಿ ಹಂಗ ಐತಿ. ಧಾರಿದು ಏನೂ ತಪ್ಪಿಲ್ಲ."

"ಮತ್ತ ಯಾಕ ಹತ್ತಲಿಲ್ರಿ?"

"ಚಾಕು ಹೋದ ಹಾದಿ ಸೊಟ್ಟ ಐತಿ. ಎರಡೂ ಕಿಟ್ಟು ಪಾಸಾಗ್ಯಾವ್ರಿ ಬಾಯಾರ. ನಪಾಸಾದದ್ದು ಕೈ."

ಎರಡು ವರ್ಷ ಅವರು ಚಾಕುವಿನ ಮೇಲೆ ಹಾಕಿದ್ದ ಆರೋಪವನ್ನು ಹೀಗೆ ತಾವೇ ತೆಗೆದರು. ಪರೀಕ್ಷೆ ಅಷ್ಟು ಕಟ್ಟುನಿಟ್ಟಾಗಿ ಮಾಡಿರದಿದ್ದರೆ ಇನ್ನೂ ಒಂದು ತಿಂಗಳು ಕಲ್ಲನ್ನೋ ಸರಳನ್ನೋ ಬೈಯಬಹುದಿತ್ತು. ಆ ದಿನ ಅವರು ಚಹಾ ಕುಡಿಯದೆ ಮೂರು ಗಂಟೆಯ ಬಸ್ಸಿಗೆ ಹೊರಟುಹೋದರು. ನಾನು ಆ ಕಚೇರಿಗೆ ಬಂದ ಮೇಲೆ ಅವರು ಹೊತ್ತಿಗೆ ಮುಂಚೆ ಹೋದದ್ದು ಅದೊಂದೇ ದಿನ.

ಕಡ್ಡಿ ಹೆರೆಯಲು ಬೇರೆ ಯಾರೂ ಇರಲಿಲ್ಲ. ಇನ್ನೆರಡು ಮಾಲಿ ಹುದ್ದೆಗಳು ಖಾಲಿ ಬಿದ್ದು ವರ್ಷಗಳಾಗಿದ್ದವು. ಸಾಹೇಬರಿಗೆ ಕಸಿಯ ವಿಧಾನಗಳೆಲ್ಲ ಬಾಯಿಪಾಠ, ಕಟ್ಟಿದ್ದು ಮಾತ್ರ ಕಾಲೇಜಿನ ಪರೀಕ್ಷೆಯ ದಿನ ಒಂದು. ಪಟ್ಟಿ ಸುತ್ತುವ ಹೆಣ್ಣುಮಕ್ಕಳು, "ಆ ಗಿಡದ ಪಾಪ ನಮಗ ಬ್ಯಾಡ್ರಿ" ಎಂದು ಕೈ ಮುಗಿದರು. ಮರುದಿನ ಬೆಳಿಗ್ಗೆ ಕಾಕಾ ನಾನು ಕೆಡಿಸಿದ್ದ ಹಳೆಯ ಚಾಕುವನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು.

"ಬಾಯಾರ, ಇದನ್ನ ಮತ್ತೊಮ್ಮೆ ನೋಡಿದ್ನಿ. ಎರಡೂ ಮಗ್ಗಲ ಒಂದ ಸಮ ಕೆಡಿಸೀರಿ. ತುದಿ ತನಕ ಒಂದ ಸಮ. ಕೋನ ಸರಳು ಹಿಡೀತೈತಿ, ಖರೆ. ಒತ್ತು ಹಿಡಿಯೂದು ಕೈ. ನಿಮ್ಮ ಕೈ ಚಲೋ ಐತಿ."

"ಕಾಕಾ, ನನಗ ಪೆನ್ನ ಬಿಟ್ರ ಏನೂ ಹಿಡಿಯಾಕ ಬರಂಗಿಲ್ಲ."

"ಪೆನ್ನ ಹಿಡದಂಗ ಹಿಡೀಬ್ಯಾಡ್ರಿ, ಅಷ್ಟ."

ನನ್ನ ಕೈಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಅದೂ ನಾನು ಮಾಡಿದ ಹಾನಿಯನ್ನು ಸಾಕ್ಷಿಗಿಟ್ಟು. ಎರಡು ವಾರ, ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು, ಪೇರಲ ಕಡ್ಡಿ ಹೆರೆದೆ. ಕಾಕಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎದುರಿಗೆ ನಿಲ್ಲುತ್ತಿದ್ದರು. "ಮಣಿಕಟ್ಟ ತಿರಗಸಬ್ಯಾಡ್ರಿ. ಚಾಕು ನಿಂದರಲಿ, ಕಡ್ಡಿ ಎಳೀರಿ." "ಎರಡನೇ ಸಲ ಹೆರೀಬ್ಯಾಡ್ರಿ. ಎರಡನೇ ಸಲ ಹೆರಿಯೂದು ಸುಳ್ಳು ಹೇಳಿದ ಮ್ಯಾಲ ಇನ್ನೊಂದ ಸುಳ್ಳು ಹೇಳಿದಂಗ." ಹೆಬ್ಬೆರಳು ಕೊಯ್ದುಕೊಂಡು ರಕ್ತ ಸುರಿದಾಗ, "ನೋವಾತೇನ್ರಿ?" ಎಂದು ಕೇಳಿದರು. ಆಗಲಿಲ್ಲ ಎಂದೆ. "ಅಂದ್ರ ಧಾರಿ ಚಲೋ ಐತಿ" ಎಂದು ಅರಿಶಿನ ತರಲು ಹೋದರು.

ಚಾಕು ಮಸೆಯುವುದು ಮಾತ್ರ ಅವರೇ. ಒರಟು ಕೆಲಸಕ್ಕೆ ಸೋವಿ ಕಿಟ್, ಕೊನೆಯ ನಯಕ್ಕೆ ಸಾಹೇಬರ ಕಲ್ಲು. ಆ ಕೆಲಸದಲ್ಲಿ ಕೈ ನಡುಗಿದರೂ ನಡೆಯುತ್ತಿತ್ತು. ಸರಳಿನ ಮುಂದೆ ಕೂತಾಗ ಅವರ ಮುಖ ಹಗುರಾಗುತ್ತಿತ್ತು, ಹಳೆಯ ದಿನಗಳಲ್ಲಿ ಹಾಗೇ ಇರುತ್ತಿದ್ದರೇನೋ.

ಕಡ್ಡಿ ತರಲು ನಾವಿಬ್ಬರೂ ಮಮದಾಪುರಕ್ಕೆ ಹೋದೆವು. ಹತ್ತು ದಿನ ಮೊದಲೇ ಕಾಕಾ ಎಲೆ ಕತ್ತರಿಸಿ ಬಂದಿದ್ದರಿಂದ ಮೊಗ್ಗುಗಳು ಉಬ್ಬಿದ್ದವು. ಒಂದು ಕಡೆ ಸುಟ್ಟು ಕರಿಯಾದ ಕಾಂಡ, ಇನ್ನೊಂದು ಕಡೆ ಒಂದೇ ಕೈ ಎತ್ತಿ ನಿಂತ ಟೊಂಗೆ. ಮುದುಕಿ ನಮಗೆ ಚಹಾ ತಂದಳು. ಕಾಕಾ ಅದನ್ನು ಮುಟ್ಟದೆ ಹೇಳಿದರು.

"ಅಕ್ಕಾರ, ಎರಡ್ ವರ್ಷದ ಹಿಂದ ಕಡ್ಡಿ ಎಳೇವು ಅಂದಿದ್ನಿ. ಕಡ್ಡಿ ಚಲೋನ ಇದ್ದವ್ರಿ. ನನ್ನ ಕೈ ನಡಗಿತ್ತು."

"ಗೊತ್ತೈತಿ ತಗೋ ತಮ್ಮಾ. ಆವತ್ತ ಬಸ್ಯಾಗಿನ ಚಹಾ ಅರ್ಧ ನಿನ್ನ ಧೋತರದ ಮ್ಯಾಲ ಇತ್ತು." ಆಕೆ ಲೋಟವನ್ನು ಇನ್ನಷ್ಟು ಹತ್ತಿರ ಸರಿಸಿದಳು. "ಈಗ ಕುಡಿ, ಅರ್ಧಾನ ಹಾಕೇನಿ."

ನಾನು ಟೊಂಗೆಯ ಕಡೆ ನೋಡುತ್ತ ನಿಂತೆ. ಇಷ್ಟು ದಿನ ಅವರು ಹೆದರಿದ್ದ ಮಾತು ಇಷ್ಟೇ ಆಗಿತ್ತು.

ಹನ್ನೆರಡು ಕಡ್ಡಿ, ಹನ್ನೆರಡು ಸಸಿ. ಕಾಕಾ ಪ್ರತಿ ಕಡ್ಡಿಗೂ ಅದರ ದಪ್ಪಕ್ಕೆ ಒಪ್ಪುವ ಸಸಿಯನ್ನು ಜೋಡಿ ಮಾಡಿ ಇಟ್ಟರು. ಕುಂಡಗಳಿಗೆ ತಂತಿಯಿಂದ ಕಟ್ಟಿದ ತಗಡಿನ ಚೀಟಿ, ಒಂದರಿಂದ ಹನ್ನೆರಡರವರೆಗೆ ಸಂಖ್ಯೆ. ನಾನು ಹನ್ನೊಂದು ಹೆರೆದೆ. ಹನ್ನೆರಡನೆಯದಕ್ಕೆ ಬಂದಾಗ ಅವರು, "ಇದೊಂದು ನಾ ಕಟ್ಟತೇನಿ" ಎಂದರು. ಅದು ಎಲ್ಲಕ್ಕಿಂತ ಬಡಕಲು ಕಡ್ಡಿ, ಬೇಕೆಂದೇ ಕೊನೆಗೆ ಉಳಿಸಿದ್ದರು. ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ತುಟಿ ಕಚ್ಚಿ ಹೆರೆದರು. ಹೆಣ್ಣುಮಕ್ಕಳು ಪಟ್ಟಿ ಸುತ್ತಿದರು.

ಮೂರು ವಾರಕ್ಕೆ ನನ್ನವು ಆರು ಚಿಗುರಿದವು. ಐದು ಹೋದವು. ಆರು ಎಂದರೆ ಗಿಡ ಉಳಿಯಿತು ಎಂದೇ ಅರ್ಥ, ನಾನು ಕುಣಿಯಬೇಕಿತ್ತು. ಹನ್ನೆರಡನೆಯದು ಕಪ್ಪಾಗಿ ಒಣಗಿತ್ತು. ಆ ವಾರ ಮನೆಯಲ್ಲಿ ಮೊಮ್ಮಗಳ ನಾಮಕರಣವೆಂದು ಕಾಕಾ ರಜೆಯ ಮೇಲಿದ್ದರು. ನೇರವಾಗಿ ನಿವೃತ್ತಿಯ ದಿನವೇ ಬರುವವರಿದ್ದರು. ಅದರ ಹಿಂದಿನ ಸಂಜೆ ಎಲ್ಲರೂ ಹೋದ ಮೇಲೆ ನಾನು ಹನ್ನೆರಡರ ತಗಡನ್ನು ಬಿಚ್ಚಿ, ಚೆನ್ನಾಗಿ ಚಿಗುರಿದ್ದ ನನ್ನ ನಾಲ್ಕನೆಯದಕ್ಕೆ ಕಟ್ಟಿದೆ. ನಾಲ್ಕನ್ನು ಸತ್ತದ್ದಕ್ಕೆ ಕಟ್ಟಿದೆ. ಯಾರಿಗೂ ಹೇಳಲಿಲ್ಲ. ಬಸ್ಸಿನಲ್ಲಿ ಕೂತು, ಒಳ್ಳೆಯ ಕೆಲಸ ಮಾಡಿದೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ನಿವೃತ್ತಿಯ ದಿನ ಶಾಲು, ಕಾಯಿ, ಭಾಷಣ ಎಲ್ಲ ಆಯಿತು. ಸಾಹೇಬರು ಕಾಯಕದ ಬಗ್ಗೆ ಬಹಳ ಹೇಳಿದರು. ಕಾಕಾ ಕೊರಳಿನ ಲಿಂಗದ ದಾರ ಸರಿಮಾಡಿಕೊಳ್ಳುತ್ತ ಕೂತಿದ್ದರು. ಮಮದಾಪುರದ ಮುದುಕಿಯೂ ಬಂದಿದ್ದಳು. ಭಾಷಣ ಮುಗಿದ ಮೇಲೆ ಎಲ್ಲರೂ ನೆರಳು ಬಲೆಯ ಕೆಳಗೆ ಹೋದೆವು. ಆಕೆ ಚಿಗುರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಕೇಳಿದಳು.

"ಇದರಾಗ ನಿನ್ನ ಕೈದು ಯಾವುದು ತಮ್ಮಾ? ಅದನ್ನ ಹಳೇ ಗಿಡದ ಜಾಗಾಕ್ಕ ಹಚ್ಚತೇನಿ."

"ಹನ್ನೆರಡರದು ಕಾಕಾಂದು," ಎಂದೆ ನಾನು, ಅವರಿಗಿಂತ ಮುಂಚೆ.

ಕಾಕಾ ಹನ್ನೆರಡರ ಚೀಟಿಯಿದ್ದ ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಕನ್ನಡಕ ಹಾಕಿಕೊಂಡರು. ಪಟ್ಟಿಯ ಮೇಲಿಂದಲೇ ಕಸಿಯ ಗಂಟಿನುದ್ದಕ್ಕೂ ಹೆಬ್ಬೆರಳ ಉಗುರು ಎಳೆದರು. ಎದ್ದು ಹೋಗಿ ನಾಲ್ಕರ ಚೀಟಿಯಿದ್ದ ಸತ್ತದ್ದರ ಮೇಲೂ ಹಾಗೆಯೇ ಎಳೆದರು, ಅಲ್ಲಿ ಉಗುರು ಸೊಟ್ಟ ಸಂದಿಗೆ ತಡೆಯಿತು. ಆಮೇಲೆ ತಂತಿ ಬಿಚ್ಚತೊಡಗಿದರು. ಸಣ್ಣ ತಂತಿ, ನಡುಗುವ ಬೆರಳು. ಬಿಚ್ಚಿ, ಚೀಟಿ ಅದಲು ಬದಲು ಮಾಡಿ, ಮತ್ತೆ ಕಟ್ಟುವಷ್ಟರಲ್ಲಿ ಎಷ್ಟೋ ಹೊತ್ತಾಯಿತು. ಸಾಹೇಬರು, ಹೆಣ್ಣುಮಕ್ಕಳು, ಮುದುಕಿ ಎಲ್ಲರೂ ನೋಡುತ್ತಿದ್ದರು. ಸಹಾಯಕ್ಕೆ ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬಾಯಾರ," ಎಂದರು, ನನ್ನ ಕಡೆ ನೋಡದೆ. "ಮೂರು ತಿಂಗಳ ಪರೀಕ್ಷಾ ಮಾಡೇವ್ರಿ. ಚೀಟಿ ಬದಲಾದ್ರ ಎಲ್ಲಾ ಹಾಳಾಕ್ಕೈತಿ." ಆಮೇಲೆ ಮುದುಕಿಗೆ, "ನಾಕನೇದು ಒಯ್ರಿ ಅಕ್ಕಾರ. ಬಾಯಾರ ಕೈದು. ಚಲೋ ಹತ್ತೈತಿ."

ಮುಗಿಯಿತು ಎಂದುಕೊಂಡೆ. ಅವರು ಶಾಲು ಮಡಚಿ ಚೀಲಕ್ಕೆ ಹಾಕಿ ನೇರವಾಗಿ ಕಚೇರಿಗೆ ಬಂದು ಕಸಿ ರಿಜಿಸ್ಟರ್ ತೆಗೆದು ಹನ್ನೆರಡನೆಯದನ್ನು ಬೇರೆ ಸಾಲಿನಲ್ಲಿ ಬರೆಯಲು ಹೇಳಿದರು. ಸಾಹೇಬರು ಹಿಂದೆಯೇ ಬಂದರು.

"ಕಾಕಾ, ಒಂದು ಕಸಿಗೆ ಬೇರೆ ಸಾಲು ಯಾಕೆ? ಒಟ್ಟು ಹನ್ನೆರಡು, ಹತ್ತಿದ್ದು ಆರು ಅಂತ ನಿಮ್ಮ ಹೆಸರಲ್ಲೇ ಬರೆದುಬಿಡೋಣ. ಇವರು ಗುಮಾಸ್ತೆ, ಇವರ ಹೆಸರು ಇಲ್ಲಿ ಬರೋದೂ ಇಲ್ಲ."

ಅದು ಸಾಹೇಬರ ಒಳ್ಳೆಯ ಮನಸ್ಸು. ನಾನೂ ತಲೆಯಾಡಿಸಿದೆ.

"ಬ್ಯಾಡ್ರಿ ಸಾಹೇಬ್ರ. ಕಟ್ಟಿದವ್ರ ಹೆಸರು ಅಂತ ಐತಿ ಅದರಾಗ. ಮೊದಲ ನಂದು ಬರೀರಿ ಬಾಯಾರ."

ಬರೆದೆ. ತಳಿ, ಮಮದಾಪುರ ಹುಳಿ. ಕಟ್ಟಿದವರು, ಅವರ ಹೆಸರು. ಕಟ್ಟಿದ್ದು, ಒಂದು. ಹತ್ತಿದ್ದು, ಸೊನ್ನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ರಿಜಿಸ್ಟರುಗಳಲ್ಲಿದ್ದ ಹೆಸರಿನ ಕೊನೆಯ ಸಾಲು ಅದು. ಅದನ್ನು ನನ್ನ ಕೈಯಿಂದ ಬರೆಸಿದ್ದಕ್ಕೆ ನನಗೆ ಅವರ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಅದರ ಕೆಳಗೆ ನನ್ನ ಹೆಸರು ಬರೆಯಬೇಕಿತ್ತು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಕಾಕಾ ಕನ್ನಡಕ ಏರಿಸಿಕೊಂಡು ಬಗ್ಗಿ ತಮ್ಮ ಸಾಲನ್ನು ಓದಿದರು.

"ಬರೋಬ್ಬರಿ ಐತಿ. ಈಗ ನಿಮ್ದು. ಹನ್ನೊಂದು, ಆರು. ಬರೀರಿ, ಬಸ್ಸಿನ ಹೊತ್ತಾತು."

ನಾನು ಬರೆದು ಮುಗಿಸುವವರೆಗೆ ಅವರು ನಿಂತೇ ಇದ್ದರು. ಬಸ್ಸು ಹೋಯಿತು.